ಪದಚರ್ಚೆ: ಆಫ್‌ಲೈನ್ ಕೈಪಿಡಿಯಲ್ಲಿ ‘ಫೈಲ್’ ಇರಲೋ, ‘ಕಡತ’ ಇರಲೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಒಂದು ಮುಕ್ತ ತಂತ್ರಾಂಶದ ಜಾಲತಾಣದಲ್ಲಿರುವ ಸಹಾಯ ಪುಟಗಳನ್ನು ಕನ್ನಡಿಸಿ, ಇಂಟರ್ನೆಟ್ ಇಲ್ಲದ ಕಂಪ್ಯೂಟರಿನಲ್ಲೂ ತೆರೆದು ಓದುವಂಥ ಕೈಪಿಡಿ ಮಾಡುವ ಕೆಲಸ ನಡೆದಿದೆ. ಒಟ್ಟು 180 ಪುಟ. ಬ್ರೌಸರಿನಲ್ಲಿ ತೆರೆಯುವ ಎಚ್‌ಟಿಎಂಎಲ್ ಕಟ್ಟು ಒಂದು, ಪಿಡಿಎಫ್ ಒಂದು. ಅನುವಾದ ಮುಗಿದಿದೆ, ಪದಗಳ ತಕರಾರು ಮುಗಿದಿಲ್ಲ.

‘ಆಫ್‌ಲೈನ್’ ಎಂಬುದಕ್ಕೆ ‘ಜಾಲಮುಕ್ತ’ ಎಂದು ಒಬ್ಬರು, ‘ಜಾಲರಹಿತ’ ಎಂದು ಇನ್ನೊಬ್ಬರು. ‘ಡಾಕ್ಯುಮೆಂಟೇಶನ್’ ಎಂಬಲ್ಲಿ ಸದ್ಯಕ್ಕೆ ‘ದಸ್ತಾವೇಜು’ ಎಂದಿದೆ. ‘ಫೈಲ್’ ಮತ್ತು ‘ಕಡತ’ ಎರಡೂ ಬೆರಕೆಯಾಗಿ ಬಂದಿವೆ, ಯಾವುದಾದರೂ ಒಂದಕ್ಕೆ ತರಬೇಕು. ‘ಇಂಡೆಕ್ಸ್’ ಎಂದರೆ ಪರಿವಿಡಿಯೋ ಪದಸೂಚಿಯೋ? ಕೊನೆಯದಾಗಿ, ಕೈಪಿಡಿಯ ‘ಹುಡುಕಿ’ ಪೆಟ್ಟಿಗೆಯಲ್ಲಿ ಕನ್ನಡ ಪದ ಕೊಟ್ಟರೆ ಏನೂ ಸಿಗುವುದಿಲ್ಲ. ಸಿಕ್ಕರೆ ಸಂಬಂಧವಿಲ್ಲದ್ದು ಸಿಗುತ್ತದೆ. ಇದು ಪದಚರ್ಚೆಯ ವಿಷಯವಲ್ಲ ಎನಿಸಿದರೆ ಬಿಟ್ಟುಬಿಡಿ.

ಉತ್ತರ

ಬಿಡುವಂತಿಲ್ಲ. ಕೊನೆಯ ಪ್ರಶ್ನೆಯಿಂದಲೇ ಶುರು ಮಾಡಬೇಕು, ಮೇಲಿನ ನಾಲ್ಕರ ತೀರ್ಮಾನ ಬಹುಪಾಲು ಅಲ್ಲಿದೆ. ಜಾಲದಲ್ಲಿರುವ ಪುಟವನ್ನು ಹೇಗೆ ಹೇಗೋ ಕೇಳಿದರೂ ಹುಡುಕುತಾಣಗಳು ಅಂದಾಜು ಮಾಡಿ ತಂದುಕೊಡುತ್ತವೆ. ಡಿಸ್ಕಿಗೆ ಇಳಿದ ಕೈಪಿಡಿಗೆ ಆ ಆಸರೆ ಇಲ್ಲ. ಓದುಗ ಹೊಡೆದ ಅಕ್ಷರವೂ ಪುಟದಲ್ಲಿರುವ ಅಕ್ಷರವೂ ತಾಳೆಯಾಗಬೇಕು. ಹಾಗಾಗಿ ಇಲ್ಲಿ ಪದದ ಆಯ್ಕೆಗೆ ರುಚಿಯೊಂದೇ ಅಳತೆಯಲ್ಲ, ವಿಭಕ್ತಿ ಹತ್ತಿದಾಗ ಪದ ಏನಾಗುತ್ತದೆ ಎಂಬುದೂ ಅಳತೆ.

‘ಫೈಲ್’ ಎಂಬುದನ್ನೇ ಬಿಡಿಸಿ ನೋಡಿ. ಯೂನಿಕೋಡಿನಲ್ಲಿ ಅದು ನಾಲ್ಕು ಸಂಕೇತ: ಫ, ಐತ್ವ, ಲ, ಕೊನೆಗೆ ಹಲಂತ ಚಿಹ್ನೆ. ‘ಫೈಲನ್ನು’ ಎಂದಾಗ ಲಕಾರದ ನಂತರ ಬರುವುದು ಹಲಂತವಲ್ಲ, ನಕಾರ. ‘ಫೈಲಿನಲ್ಲಿ’ ಎಂದಾಗ ಬರುವುದು ಗುಡಿಸು. ಅಂದರೆ ‘ಫೈಲ್’ ಎಂದು ಹುಡುಕಿದವನಿಗೆ ‘ಫೈಲನ್ನು ಉಳಿಸಿ’ ಎಂಬ ಸಾಲು ಸಿಗುವುದಿಲ್ಲ. ಕಣ್ಣಿಗೆ ಒಂದೇ ಪದ, ಯಂತ್ರಕ್ಕೆ ಮೂರು. ‘ಕಡತ’ ಹಾಗಲ್ಲ. ಕಡತವನ್ನು, ಕಡತದಲ್ಲಿ, ಕಡತಗಳಿಗೆ ಎಲ್ಲಿ ನೋಡಿದರೂ ಮೊದಲ ಮೂರಕ್ಷರ ಅಲ್ಲಾಡುವುದಿಲ್ಲ.

ಶಾಲೆಯ ವ್ಯಾಕರಣ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಪ್ರತ್ಯಯ ಹತ್ತುವಾಗ ಆಗಮ ಬರುವ ಪದಗಳು ಹುಡುಕಾಟಕ್ಕೆ ಒಳ್ಳೆಯವು: ಪುಟ, ಕೊಂಡಿ, ಮೆನು, ಸೂಚನೆ. ಯಕಾರವೋ ವಕಾರವೋ ದಕಾರವೋ ನಡುವೆ ಬಂದು ಕೂರುತ್ತದೆ, ಮೂಲಪದ ಹಾಗೇ ಉಳಿಯುತ್ತದೆ. ಲೋಪವಾಗುವ ಪದಗಳು ತೊಂದರೆಯವು: ಹೆಸರು, ನೆರವು. ‘ಹೆಸರನ್ನು’, ‘ನೆರವಿನಿಂದ’ ಎನ್ನುವಲ್ಲಿ ಕೊನೆಯ ಕೊಂಬು ಹಾರಿಹೋಯಿತು. ಹಲಂತದಲ್ಲಿ ಮುಗಿಯುವ ಎರವಲು ಪದಗಳದ್ದೂ ಇದೇ ಗತಿ. ‘ಫೈಲ್ ಅನ್ನು’ ಎಂದು ಬಿಡಿಸಿ ಬರೆಯುವ ಅನುವಾದಗಳನ್ನು ನಾವೆಲ್ಲ ಬೈಯುತ್ತೇವೆ. ಹುಡುಕುಪೆಟ್ಟಿಗೆಯ ಮುಂದೆ ಮಾತ್ರ ಅವೇ ಗೆಲ್ಲುತ್ತವೆ! ಆದರೂ ಹಾಗೆ ಬರೆಯಬೇಡಿ, ಓದುವುದಕ್ಕೆ ಹಿಂಸೆ.

ಪದ ಬದಲಿಸದೆ ಸರಿಪಡಿಸುವ ದಾರಿಯೂ ಇದೆ. ಓದುಗ ಕೊಟ್ಟ ಪದದ ಕೊನೆಯಲ್ಲಿ ಹಲಂತವೋ ಕೊಂಬೋ ಇದ್ದರೆ ಅದನ್ನು ಕತ್ತರಿಸಿ, ಉಳಿದದ್ದರಿಂದ ಶುರುವಾಗುವ ಪದಗಳನ್ನೆಲ್ಲ ತೋರಿಸಿ. ‘ಫೈಲ್’ ಎಂಬುದು ‘ಫೈಲ’ ಆಗುತ್ತದೆ. ಫೈಲನ್ನು, ಫೈಲಿನಲ್ಲಿ, ಫೈಲುಗಳು ಎಲ್ಲ ಬಲೆಗೆ ಬೀಳುತ್ತವೆ. ಪದದ ನಡುವೆಯೂ ಹುಡುಕಲು ಬಿಟ್ಟರೆ ‘ಪ್ರೊಫೈಲ್’ ಕೂಡ ಬಂದು ನಿಲ್ಲುತ್ತದೆ. ಆದ್ದರಿಂದ ಹಿಂದೆ ಖಾಲಿ ಜಾಗವೋ ವಿರಾಮಚಿಹ್ನೆಯೋ ಇದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇನ್ನೊಂದು ಕಣ್ಣಿಗೆ ಕಾಣದ ಕಳ್ಳನಿದ್ದಾನೆ. ‘ಆಫ್‌ಲೈನ್’ ಎಂದು ಒತ್ತಕ್ಷರವಾಗದಂತೆ ಬರೆಯಲು ಫಕಾರದ ಹಲಂತದ ನಂತರ ಶೂನ್ಯ ಅಗಲದ ಸಂಕೇತವೊಂದನ್ನು ಹಾಕುತ್ತೇವೆ, ಯೂನಿಕೋಡಿನ 200ಸಿ. ಅದಿದ್ದರೆ ಪದದಲ್ಲಿ ಎಂಟು ಸಂಕೇತ, ಇಲ್ಲದಿದ್ದರೆ ಏಳು. ಫೋನಿನಲ್ಲಿ ಬೆರಳಾಡಿಸುವವರು ಬಹುತೇಕ ಅದನ್ನು ಹಾಕುವುದಿಲ್ಲ. ‘ರ‍್ಯಾಂಕ್’ ಎಂಬಲ್ಲಿ ರಕಾರ ಅರ್ಕಾವೊತ್ತಾಗದಂತೆ ತಡೆಯುವ 200ಡಿ ಕೂಡ ಇಂಥದ್ದೇ. ಹುಡುಕುವ ಪದದಿಂದಲೂ ಹುಡುಕಾಟಕ್ಕೆಂದು ಇಟ್ಟ ಪಠ್ಯದಿಂದಲೂ ಇವೆರಡನ್ನೂ ತೆಗೆದುಹಾಕಿ. ತೋರಿಸುವ ಪುಟದಿಂದ ತೆಗೆಯಬೇಡಿ, ಅಲ್ಲಿ ‘ಆಫ್ಲೈನ್’ ಆಗಿಬಿಡುತ್ತದೆ. ಜೊತೆಗೆ ಎರಡೂ ಕಡೆ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಂದು ಅಕ್ಷರವನ್ನು ಒಂದೇ ಬಗೆಯಲ್ಲಿ ಬರೆಯುವ ಯೂನಿಕೋಡ್ ರೂಪಕ್ಕೆ ತನ್ನಿ. ‘ಕೋ’ ಎಂಬಲ್ಲಿ ಓತ್ವದ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಬಿಡಿಯಾಗಿಯೂ ಬರೆಯಬಹುದು. ಹಳೆಯ ಪಠ್ಯಗಳಲ್ಲಿ ಎರಡೂ ಸಿಗುತ್ತವೆ.

ಇಷ್ಟಾದರೂ ನಿಮ್ಮಲ್ಲಿ ‘ಏನೂ ಸಿಗುವುದಿಲ್ಲ’ ಎಂಬುದಕ್ಕೆ ಕಾರಣ ಇದಕ್ಕಿಂತ ಒರಟಾದದ್ದು ಇರಬೇಕು. ಕೈಪಿಡಿಯನ್ನು ಸ್ಫಿಂಕ್ಸ್ ಎಂಬ ಕೈಪಿಡಿ ಕಟ್ಟುವ ತಂತ್ರಾಂಶದಿಂದ ಕಟ್ಟಿದ್ದಾದರೆ, ಅದು ಪದಗಳನ್ನು ಬಿಡಿಸಲು ಬಳಸುವುದು ಪೈಥಾನ್ ಭಾಷೆಯ ಸಾಮಾನ್ಯ ‘ಪದದ ಅಕ್ಷರ’ ನಿಯಮ. ಆ ನಿಯಮದ ಪ್ರಕಾರ ಗುಡಿಸು, ಕೊಂಬು, ಐತ್ವ, ಹಲಂತ ಯಾವುದೂ ಅಕ್ಷರವಲ್ಲ, ಬರೀ ಚಿಹ್ನೆ. ‘ಕೈಪಿಡಿ’ ಎಂಬುದು ‘ಕ’, ‘ಪ’, ‘ಡ’ ಎಂದು ಮೂರು ಚೂರಾಗುತ್ತದೆ. ಸಂಬಂಧವಿಲ್ಲದ ಪುಟಗಳು ಬರುವುದೂ ಇದರಿಂದಲೇ. ಲುನರ್ ಎಂಬ ಜಾವಾಸ್ಕ್ರಿಪ್ಟ್ ಹುಡುಕಾಟ ಇನ್ನೂ ಒಂದು ಹೆಜ್ಜೆ ಮುಂದೆ. ಪದದ ಎರಡೂ ತುದಿಯ ‘ಕಸ’ ಕತ್ತರಿಸುವ ಅದರ ಟ್ರಿಮ್ಮರ್‌ಗೆ ರೋಮನ್ ಅಕ್ಷರ, ಅಂಕಿ ಬಿಟ್ಟು ಉಳಿದದ್ದೆಲ್ಲ ಕಸ. ಅಚ್ಚಕನ್ನಡ ಪದ ಪೂರ್ತಿಯಾಗಿ ಕತ್ತರಿಗೆ ಹೋಗುತ್ತದೆ. ಟ್ರಿಮ್ಮರನ್ನೂ, ಪದದ ಪ್ರತ್ಯಯ ಕಳಚುವ ಇಂಗ್ಲಿಷಿನ ಸ್ಟೆಮ್ಮರನ್ನೂ ಅದರ ಕೆಲಸದ ಸಾಲಿನಿಂದ ತೆಗೆದರೆ ಸರಿಹೋಗುತ್ತದೆ.

ನನ್ನನ್ನು ಕೇಳಿದರೆ 180 ಪುಟಕ್ಕೆ ಪದಗಳ ಸೂಚಿ ಕಟ್ಟಿಟ್ಟು ಹುಡುಕುವ ಇಂಥ ಸೂಚಿಯಂತ್ರವೇ ಬೇಡ. ಪುಟಕ್ಕೆ 5000 ಸಂಕೇತ ಎಂದು ಹಿಡಿದರೂ ಒಟ್ಟು 9 ಲಕ್ಷ. ಯೂನಿಕೋಡ್ ಪಠ್ಯವನ್ನು ಫೈಲಿನಲ್ಲಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್, ಅಂದರೆ 27 ಲಕ್ಷ ಬೈಟ್, 3 ಎಂಬಿಯ ಒಳಗೇ. ಇಡೀ ಪಠ್ಯವನ್ನು ಒಂದು ಫೈಲಿಗೆ ತುಂಬಿ ನೇರವಾಗಿ ಹುಡುಕಿಸಿದರೆ ಸಾಕು. ಆ ಫೈಲ್ ಜೆಸನ್ (ಬರೀ ದತ್ತಾಂಶ ಇಡುವ ಫೈಲಿನ ಬಗೆ) ಆಗಿರಬಾರದು. ಡಿಸ್ಕಿನಿಂದ ನೇರ ತೆರೆದ ಪುಟಕ್ಕೆ ಪಕ್ಕದ ಜೆಸನ್ ಓದಲು ಬ್ರೌಸರುಗಳು ಬಿಡುವುದಿಲ್ಲ. ಸರ್ವರಿನಲ್ಲಿ ಚೆನ್ನಾಗಿದ್ದ ಹುಡುಕಾಟ ಪೆನ್‌ಡ್ರೈವಿನಲ್ಲಿ ಸಾಯುವುದು ಬಹಳ ಸಲ ಇದರಿಂದಲೇ. ಅದೇ ಪಠ್ಯವನ್ನು ಜಾವಾಸ್ಕ್ರಿಪ್ಟ್ ಫೈಲಿನಲ್ಲಿ ಒಂದು ಚರಾಂಕವಾಗಿಟ್ಟು (ವೇರಿಯಬಲ್) ಸ್ಕ್ರಿಪ್ಟ್ ಟ್ಯಾಗಿನಿಂದ ಕರೆದರೆ ತಕರಾರಿಲ್ಲ.

ಈಗ ಪದಗಳು. ‘ಜಾಲಮುಕ್ತ’ ಬೇಡ. ‘ಮುಕ್ತ ತಂತ್ರಾಂಶ’ ಪಕ್ಕದಲ್ಲೇ ಇರುವಾಗ ‘ಜಾಲಮುಕ್ತ ಕೈಪಿಡಿ’ ಎಂದರೆ ಜಾಲದಲ್ಲಿ ಎಲ್ಲರಿಗೂ ತೆರೆದದ್ದು ಎಂದೇ ಓದಿಕೊಳ್ಳುತ್ತಾರೆ, ಅರ್ಥ ತಲೆಕೆಳಗು. ‘ಜಾಲರಹಿತ’ ವ್ಯಾಕರಣಕ್ಕೆ ಸರಿ, ಆದರೆ ಯಾರೂ ಅದನ್ನು ಹುಡುಕುವುದಿಲ್ಲ. ಹೆಸರಿನ ಹಿಂದೆ ‘ಆಫ್‌ಲೈನ್ ಕೈಪಿಡಿ’ ಎಂದೇ ಇರಲಿ. ಅಲ್ಲಿ ಅದಕ್ಕೆ ಪ್ರತ್ಯಯ ಹತ್ತುವುದಿಲ್ಲ, ಗೊಂದಲವೂ ಇಲ್ಲ. ವಾಕ್ಯದೊಳಗೆ ‘ಆಫ್‌ಲೈನ್‌ನಲ್ಲಿ ಓದಿ’ ಎನ್ನುವ ಬದಲು ‘ಇಂಟರ್ನೆಟ್ ಇಲ್ಲದೆಯೂ ಓದಬಹುದು’ ಎನ್ನಿ.

‘ದಸ್ತಾವೇಜು’ ಎಂದರೆ ನೋಂದಣಿ ಕಚೇರಿಯ ಕಾಗದ ನೆನಪಾಗುತ್ತದೆ, ‘ದಾಖಲೀಕರಣ’ ಎಂದರೆ ದಾಖಲೆ ಮಾಡುವ ಕೆಲಸ. ಇಲ್ಲಿ ಬೇಕಾದ್ದು ಎರಡೂ ಅಲ್ಲ. ಬಿಡಿ ಪುಟಕ್ಕೆ ‘ಸಹಾಯ ಪುಟ’, ಎಲ್ಲ ಸೇರಿದ್ದಕ್ಕೆ ‘ಕೈಪಿಡಿ’ ಸಾಕು. ‘ಪಿಡಿ’ ಎಂಬುದು ‘ಹಿಡಿ’ಯ ಹಳಗನ್ನಡ ರೂಪ. ಹೊಸಗನ್ನಡದ ‘ಕೈಹಿಡಿ’ ಮದುವೆಯ ಮಾತಾಯಿತು, ‘ಕೈಪಿಡಿ’ ಪುಸ್ತಕವಾಗಿ ಉಳಿಯಿತು.

‘ಪರಿವಿಡಿ’ ಮುಂದಿನದು, ಅಧ್ಯಾಯಗಳ ಸಾಲು. ‘ಪದಸೂಚಿ’ ಹಿಂದಿನದು, ಅಕಾರಾದಿ. ‘ಅನುಕ್ರಮಣಿಕೆ’ ಎರಡಕ್ಕೂ ಬಳಕೆಯಲ್ಲಿರುವುದರಿಂದ ಅದನ್ನು ಮುಟ್ಟದಿರುವುದು ಒಳ್ಳೆಯದು. ಪದಸೂಚಿಯಲ್ಲಿ ‘ಫೈಲ್: ಕಡತ ನೋಡಿ’ ಎಂಬಂಥ ನಮೂದುಗಳನ್ನು ಧಾರಾಳವಾಗಿ ಹಾಕಿ. ಓದುಗನ ಬಾಯಲ್ಲಿರುವ ಪದವೂ ಪುಸ್ತಕದ ಪದವೂ ಭೇಟಿಯಾಗುವ ಜಾಗ ಅದು.

ಮತ್ತೊಂದು ಉತ್ತರ

ಮೇಲಿನದಕ್ಕೆ ಒಂದು ಭಿನ್ನಮತ, ಒಂದೆರಡು ಸೇರ್ಪಡೆ.

‘ಕಡತ’ ಎಂಬುದು ಹಿಂದೆ ಕಪ್ಪು ಲೇಪ ಬಳಿದು ಮಡಿಸಿದ, ಬಳಪದಿಂದ ಲೆಕ್ಕ ಬರೆಯುವ ಬಟ್ಟೆಯ ಪುಸ್ತಕ. ಈಗ ಕಚೇರಿಗಳಲ್ಲಿ ಕಾಗದಗಳ ಕಟ್ಟು. ಎರಡರಲ್ಲೂ ಅದು ಹಲವು ಹಾಳೆಗಳನ್ನು ಹೊತ್ತದ್ದು, ಕಂಪ್ಯೂಟರಿನ ಒಂಟಿ ಫೈಲಿಗಿಂತ ಫೋಲ್ಡರಿಗೇ ಹತ್ತಿರ. ಫೋಲ್ಡರಿಗೆ ‘ಕಡತಕೋಶ’ ಎಂದು ಬಳಸುವವರಿದ್ದಾರೆ. ಆಗ ‘ಕಡತ’ ಎಂದು ಹುಡುಕಿದರೆ ಎರಡೂ ಒಟ್ಟಿಗೆ ಬಂದು ರಾಶಿ ಬೀಳುತ್ತವೆ. ತಂತ್ರಾಂಶದ ಮೆನುವಿನಲ್ಲಿ ಏನಿದೆ ಎಂಬುದೇ ಕೊನೆಯ ಮಾತಾಗಲಿ. ಮೆನುವಿನಲ್ಲಿ ‘ಫೈಲ್’ ಎಂದಿದ್ದು ಕೈಪಿಡಿಯಲ್ಲಿ ‘ಕಡತ ಮೆನು ತೆರೆಯಿರಿ’ ಎಂದಿದ್ದರೆ, ಹುಡುಕಾಟ ಎಷ್ಟು ಚೆನ್ನಾಗಿದ್ದರೂ ಓದುಗ ಪರದೆಯ ಮುಂದೆ ಕಂಗಾಲು.

ಜಾಲಪುಟದ ಭಾಷೆ ಪಿಡಿಎಫ್‌ಗೆ ಹೊಂದದ ಕಡೆಗಳನ್ನೂ ನೋಡಿಕೊಳ್ಳಿ. ‘ಇಲ್ಲಿ ಕ್ಲಿಕ್ಕಿಸಿ’, ‘ಎಡಗಡೆಯ ಪಟ್ಟಿಯಲ್ಲಿ’, ‘ಈ ಪುಟದ ಮೇಲ್ಭಾಗದಲ್ಲಿ’ ಈ ಮೂರನ್ನು ಹುಡುಕಿ ಒಂದೊಂದಾಗಿ ಬದಲಿಸಬೇಕು. ಕಾಗದದಲ್ಲಿ ಎಡಗಡೆಯ ಪಟ್ಟಿ ಇಲ್ಲ, ‘ಇಲ್ಲಿ’ ಎಂಬುದಕ್ಕೆ ಅರ್ಥವೂ ಇಲ್ಲ. ಕೊಂಡಿಯ ಪಠ್ಯದಲ್ಲೇ ಅಧ್ಯಾಯದ ಹೆಸರಿರಲಿ, ಪಕ್ಕದಲ್ಲಿ ಪುಟಸಂಖ್ಯೆ ತಾನಾಗಿ ಮೂಡಲಿ. ಎಚ್‌ಟಿಎಂಎಲ್‌ನಿಂದ ಪಿಡಿಎಫ್ ಮಾಡುವ ವೀಸಿಪ್ರಿಂಟ್‌ನಲ್ಲಿ, ಪುಟದ ವಿನ್ಯಾಸ ಹೇಳುವ ಸಿಎಸ್‌ಎಸ್‌ನಿಂದಲೇ ಇದನ್ನು ಮಾಡಿಸಬಹುದು. ಆಗ ಬರುವ ಪ್ರಶ್ನೆ ಕನ್ನಡದ್ದು: ಯಂತ್ರ ತುಂಬುವ ಅಂಕಿಗೆ ಪ್ರತ್ಯಯ ಯಾವುದು? ‘ಪುಟ 42ರಲ್ಲಿ’ ಎಂದು ‘ರಲ್ಲಿ’ಯನ್ನು ಕಣ್ಣುಮುಚ್ಚಿ ಹಚ್ಚಬಹುದು. ಒಂದರಲ್ಲಿ, ಹತ್ತರಲ್ಲಿ, ನೂರರಲ್ಲಿ, 999ರವರೆಗೂ ಉಚ್ಚಾರಕ್ಕೆ ಸರಿಹೊಂದುತ್ತದೆ. ಸಾವಿರಕ್ಕೆ ಮಾತ್ರ ‘ಸಾವಿರದಲ್ಲಿ’. ನಿಮ್ಮ ಕೈಪಿಡಿ ಅಲ್ಲಿಯವರೆಗೆ ಹೋಗುವುದಿಲ್ಲ ಬಿಡಿ.

ಪಿಡಿಎಫ್ ಕಟ್ಟಲು ಲೇಟೆಕ್ ಎಂಬ ಅಚ್ಚುಜೋಡಣೆ ತಂತ್ರಾಂಶದ ಪಿಡಿಎಫ್‌ಲೇಟೆಕ್ ಎಂಜಿನ್ ಆಗದು, ಒತ್ತಕ್ಷರ ಕೂಡಿಸುವುದು ಅದಕ್ಕೆ ಗೊತ್ತಿಲ್ಲ. ಸ್ಫಿಂಕ್ಸಿನಲ್ಲಾದರೆ ಲೇಟೆಕ್ ಎಂಜಿನ್ ಎಂಬಲ್ಲಿ ಕ್ಸೀಲೇಟೆಕ್ ಎಂದು ಕೊಡಿ. ಕಟ್ಟಿದ ಮೇಲೆ ‘ನಿರ್ವಹಣೆ’ ಎಂಬ ಪದವನ್ನು ಪಿಡಿಎಫ್‌ನಿಂದ ನಕಲಿಸಿ ಬೇರೆಡೆ ಅಂಟಿಸಿ ನೋಡಿ. ಪಠ್ಯದಲ್ಲಿ ರಕಾರ ಮೊದಲು, ವಕಾರ ಆಮೇಲೆ. ಪುಟದಲ್ಲಿ ಅರ್ಕಾವೊತ್ತು ವಕಾರದ ನಂತರ ಕೂರುತ್ತದೆ. ಪಿಡಿಎಫ್ ಇಟ್ಟುಕೊಳ್ಳುವುದು ಕಂಡ ಆಕಾರಗಳ ಸಾಲನ್ನು. ಹಾಗಾಗಿ ಅಂಟಿಸಿದಾಗ ಅಕ್ಷರ ಹಿಂದುಮುಂದಾಗಿದ್ದರೆ ಆ ಪಿಡಿಎಫ್‌ನಲ್ಲಿ ಹುಡುಕಾಟ ನಂಬುವಂತಿಲ್ಲ. ಮೂಲ ಪಠ್ಯವನ್ನು ‘ಆಕ್ಚುಯಲ್‌ಟೆಕ್ಸ್ಟ್’ ಎಂಬ ಗುರುತಿನಲ್ಲಿ ಜೊತೆಗೇ ಇಡುವ ತಂತ್ರಾಂಶಗಳಿವೆ, ಅಂಥದರಲ್ಲಿ ಮತ್ತೆ ಕಟ್ಟಿ ನೋಡಿ. ಆಗಲಿಲ್ಲವೆಂದರೆ ಮುದ್ರಿತ ಪದಸೂಚಿಯೇ ಗತಿ.

ಸಿಎಚ್‌ಎಂ (ವಿಂಡೋಸಿನ ಹಳೆಯ ಸಹಾಯ ಫೈಲು) ಮಾಡಿಕೊಡಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಒಪ್ಪಬೇಡಿ. 1997ರ ಆ ವ್ಯವಸ್ಥೆಯಲ್ಲಿ ಎಡಗಡೆಯ ಪರಿವಿಡಿ ಮತ್ತು ಪದಸೂಚಿ ಯೂನಿಕೋಡ್ ಪೂರ್ವದ ಕೋಡ್‌ಪೇಜನ್ನು, ಅಂದರೆ ಒಂದೊಂದು ಭಾಷೆಗೆ ವಿಂಡೋಸ್ ಇಟ್ಟ ಅಕ್ಷರಪಟ್ಟಿಯನ್ನು ನೆಚ್ಚಿಕೊಂಡಿವೆ. ವಿಂಡೋಸಿನಲ್ಲಿ ಇದಕ್ಕೆ ಒದಗುವ ಕನ್ನಡ ಕೋಡ್‌ಪೇಜ್ ಇಲ್ಲ. ಪುಟದ ಒಳಗೆ ಕನ್ನಡ ಸರಿಯಾಗಿ ಕಾಣುತ್ತದೆ, ಪರಿವಿಡಿಯಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಜಾಲದಿಂದ ಇಳಿಸಿಕೊಂಡ ಸಿಎಚ್‌ಎಂ ಅನ್ನು ಪ್ರಾಪರ್ಟೀಸ್‌ಗೆ ಹೋಗಿ ಅನ್‌ಬ್ಲಾಕ್ ಮಾಡದಿದ್ದರೆ ಪುಟವೂ ಖಾಲಿ.

ಜಾಲತಾಣದಿಂದಲೇ ಪುಟ ಇಳಿಸುವುದಾದರೆ, ತಾಣ ಇಳಿಸುವ ಡಬ್ಲ್ಯೂಗೆಟ್ ಎಂಬ ತಂತ್ರಾಂಶಕ್ಕೆ ‘ಮಿರರ್’ ಎಂಬ ಆಯ್ಕೆ ಒಂದೇ ಸಾಲದು. ‘ಕನ್ವರ್ಟ್ ಲಿಂಕ್ಸ್’ ಇಲ್ಲದಿದ್ದರೆ ಕೊಂಡಿಗಳು ಮತ್ತೆ ಜಾಲದತ್ತ ಓಡುತ್ತವೆ, ‘ಪೇಜ್ ರಿಕ್ವಿಸಿಟ್ಸ್’ ಇಲ್ಲದಿದ್ದರೆ ಚಿತ್ರ, ವಿನ್ಯಾಸ ಬರುವುದಿಲ್ಲ, ‘ನೋ ಪೇರೆಂಟ್’ ಇಲ್ಲದಿದ್ದರೆ ಇಡೀ ತಾಣವೇ ಮನೆಗೆ ಬರುತ್ತದೆ. ಬೇರೆ ತಾಣದಿಂದ ಬರುವ ಫಾಂಟನ್ನು ಅದು ತರುವುದಿಲ್ಲ. ನೋಟೋ ಸ್ಯಾನ್ಸ್ ಕನ್ನಡದಂಥ ಮುಕ್ತ ಫಾಂಟನ್ನು ಕಟ್ಟಿನೊಳಗೇ ಇಡಿ. ಬೇಡದ ಅಕ್ಷರ ತೆಗೆದು ಫಾಂಟನ್ನು ಕಿರಿದು ಮಾಡುವಾಗ ಮೇಲೆ ಹೇಳಿದ 200ಸಿ, 200ಡಿ ಎರಡನ್ನೂ ಉಳಿಸಿಕೊಳ್ಳಿ.

ಪುಟಗಳ ಫೈಲ್‌ಹೆಸರು ಕನ್ನಡದಲ್ಲಿ ಬೇಡ, ಇಲ್ಲಿ ಅಭಿಮಾನ ಕೆಲಸಕ್ಕೆ ಬಾರದು. ಕೊಂಡಿಯಲ್ಲಿ ಒಂದೊಂದು ಬೈಟ್ ಶೇಕಡಾ ಚಿಹ್ನೆ ಸೇರಿ ಮೂರಕ್ಷರವಾಗುತ್ತದೆ, ಹಾಗಾಗಿ ‘ಕೈಪಿಡಿ’ ಎಂಬ ಆರು ಸಂಕೇತ 54 ಅಕ್ಷರಕ್ಕೆ ಉಬ್ಬುತ್ತದೆ. ಆ ರೂಪದಲ್ಲೇ ಡಿಸ್ಕಿಗೆ ಇಳಿದರೆ ನಾಲ್ಕು ಪದದ ಶೀರ್ಷಿಕೆ, ಎರಡು ಫೋಲ್ಡರ್ ಸೇರುವಷ್ಟರಲ್ಲಿ ವಿಂಡೋಸಿನ 260 ಅಕ್ಷರದ ಮಿತಿ ದಾಟಿ, ಜಿಪ್ ಬಿಚ್ಚುವಾಗ ಕೆಲವು ಪುಟ ಕೈಬಿಟ್ಟುಹೋಗುತ್ತವೆ.

ಕಡೆಗೆ ‘ಆವೃತ್ತಿ’. ತಂತ್ರಾಂಶಕ್ಕೂ ಅದೇ ಪದ, ಪುಸ್ತಕಕ್ಕೂ ಅದೇ ಪದ. ಮುಖಪುಟದಲ್ಲಿ ‘ಆವೃತ್ತಿ 3’ ಎಂದಷ್ಟೇ ಇದ್ದರೆ ಯಾವುದರದ್ದು? ತಂತ್ರಾಂಶಕ್ಕೆ ‘ಆವೃತ್ತಿ’ ಎಂದು ಮೀಸಲಿಡಿ, ಕೈಪಿಡಿಗೆ ‘ಪ್ರತಿ ತೆಗೆದ ದಿನ’ ಎಂದು ತಾರೀಖು ಹಾಕಿ. ಜಾಲದ ಪುಟ ಬದಲಾದರೂ ಪೆನ್‌ಡ್ರೈವಿನದು ಬದಲಾಗುವುದಿಲ್ಲ, ಹಳತೋ ಹೊಸತೋ ಎಂದು ತಿಳಿಯಲು ಓದುಗನಿಗೆ ಆ ಒಂದು ಸಾಲೇ ಇರುವುದು.