ಪ್ರಶ್ನೋತ್ತರ: ಕರುವಿನ ಸೀರಂ ಬದಲು ಪ್ಲೇಟ್‌ಲೆಟ್ ಲೈಸೇಟ್
ಉತ್ತರ ಕೊಡುವವರು: ರಕ್ತಕೇಂದ್ರದ ವೈದ್ಯೆ

ವಿದ್ಯಾರ್ಥಿ, ಧಾರವಾಡ: ಮೇಡಂ, ರೋಗಿಗೆ ಕೊಡೋ ಸ್ಟೆಮ್ ಸೆಲ್ ಲ್ಯಾಬಿನಾಗ ಬೆಳೆಸಾಕ ಎಫ್‌ಬಿಎಸ್ (ಹುಟ್ಟದ ಕರುವಿನ ಸೀರಂ) ಬ್ಯಾಡ ಅಂತಾರಲ್ರೀ, ಯಾಕ್ರೀ?

ವೈದ್ಯೆ: ಗಬ್ಬದ ಹಸು ಕಸಾಯಿಖಾನೆಗೆ ಬಂದಾಗ, ಹೊಟ್ಟೆಯೊಳಗಿನ ಕರುವಿನ ಗುಂಡಿಗೆಗೆ ಸೂಜಿ ಚುಚ್ಚಿ ತೆಗೆದ ರಕ್ತದ ಸೀರಂ ಅದು, ಅಂದ್ರೆ ರಕ್ತ ಹೆಪ್ಪಾದ ಮೇಲೆ ಉಳಿಯೋ ತಿಳಿ ದ್ರವ. ಲಾಟ್‌ನಿಂದ ಲಾಟ್‌ಗೆ ಗುಣ ಬೇರೆ. ದನದ ಪ್ರೋಟೀನ್ ಕೋಶಕ್ಕೆ ಅಂಟಿಕೊಂಡೇ ರೋಗಿಯ ಮೈಗೆ ಹೋಗುತ್ತೆ, ಅದರ ವಿರುದ್ಧ ಆ್ಯಂಟಿಬಾಡಿ ಹುಟ್ಟಬಹುದು. ಅದಕ್ಕೇ ದಾನಿಗಳ ಪ್ಲೇಟ್‌ಲೆಟ್ಟನ್ನ, ಅಂದ್ರೆ ರಕ್ತ ಹೆಪ್ಪಾಗಿಸೋ ಚೂರುಕೋಶಗಳನ್ನ, ಮೈನಸ್ 80 ಡಿಗ್ರಿಯಲ್ಲಿಟ್ಟು, 37 ಡಿಗ್ರಿಯಲ್ಲಿ ಕರಗಿಸಿ ಒಡೆಯೋದು. ಒಳಗಿನ ಗ್ರೋತ್ ಫ್ಯಾಕ್ಟರ್, ಅಂದ್ರೆ ಕೋಶ ಬೆಳೆಸೋ ಪ್ರೋಟೀನ್, ಹೊರಗೆ ಬರುತ್ತೆ. ಅದೇ ಲೈಸೇಟ್.

ಸದಸ್ಯೆ, ತುಮಕೂರು: ಪಿಆರ್‌ಪಿ (ಪ್ಲೇಟ್‌ಲೆಟ್ ಹೆಚ್ಚಿರೋ ಪ್ಲಾಸ್ಮಾ) ಅಂದ್ರೆ ಇದೇನಾ ಮೇಡಂ? ಅಮ್ಮನ ಮಂಡಿಗೆ ಹಾಕಿಸಿದ್ವಿ.

ವೈದ್ಯೆ: ಅಲ್ಲ. ಅದು ಅವರದೇ ರಕ್ತದಿಂದ ತೆಗೆದು ಅವರಿಗೇ ಚುಚ್ಚೋದು. ಇದು ಲ್ಯಾಬಿನಲ್ಲಿ ಕೋಶಗಳಿಗೆ ಹಾಕೋ ಊಟ.

ಟೆಕ್ನಿಷಿಯನ್, ಮಂಗಳೂರು: ಮೇಡಂ, ಅವಧಿ ಮುಗಿದ 12 ಪ್ಲೇಟ್‌ಲೆಟ್ ಬ್ಯಾಗ್ ಪೂಲ್ ಮಾಡಿ (ಒಟ್ಟಿಗೆ ಕಲಸಿ) ಲೈಸೇಟ್ ಮಾಡಿದ್ವಿ. ಮೀಡಿಯಾಕ್ಕೆ (ಕೋಶ ಬೆಳೆಸುವ ದ್ರವಕ್ಕೆ) 10% ಹಾಕಿಟ್ಟೆ. ಬೆಳಿಗ್ಗೆ ನೋಡಿದ್ರೆ ಫ್ಲಾಸ್ಕಿನೊಳಗೆ ಬೊಂಡದ ಗಂಜಿ ಹಾಗೆ ಗಟ್ಟಿ, ವಾಲಿಸಿದ್ರೂ ಹರಿಯುವುದಿಲ್ಲ. ಸೋಸಿ ಬಳಸಬಹುದಾ?

ವೈದ್ಯೆ: ಬೇಡ. ಲೈಸೇಟ್‌ನಲ್ಲಿ ಫೈಬ್ರಿನೋಜನ್ ಅನ್ನೋ ಹೆಪ್ಪುಗಟ್ಟಿಸೋ ಪ್ರೋಟೀನ್ ಇರುತ್ತೆ, ಮೀಡಿಯಾದ ಕ್ಯಾಲ್ಸಿಯಂ ಸೇರಿದ್ರೆ ಹೆಪ್ಪಾಗುತ್ತೆ. ಮೊದಲು ಹೆಪ್ಪಾಗದಂತೆ ತಡೆಯೋ ಹೆಪಾರಿನ್, ಸಾಮಾನ್ಯವಾಗಿ ಮಿಲಿಲೀಟರ್‌ಗೆ 2 ಯೂನಿಟ್, ಆಮೇಲೆ ಲೈಸೇಟ್. ಆದರೆ ನನ್ನ ಚಿಂತೆ ಹೆಪ್ಪಿಂದಲ್ಲ, ಆ 12 ಬ್ಯಾಗಿಂದು. ಪ್ಲೇಟ್‌ಲೆಟ್ ಇಡೋದು 20–24 ಡಿಗ್ರಿಯಲ್ಲಿ, 5 ದಿನ. ಬ್ಯಾಕ್ಟೀರಿಯಾ ಬೆಳೆಯೋಕೂ ಆ ಶಾಖ ಸಾಕು. ಅವಧಿ ಮುಗಿದ ಕೂಡಲೇ ಫ್ರೀಜರ್‌ಗೆ ಹೋದ್ವಾ, ಇನ್ನೂ ಎರಡು ದಿನ ಹೊರಗೇ ಇದ್ವಾ? 0.22 ಮೈಕ್ರಾನ್ ಫಿಲ್ಟರ್ ಬ್ಯಾಕ್ಟೀರಿಯಾ ಹಿಡಿಯುತ್ತೆ. ಬ್ಯಾಕ್ಟೀರಿಯಾ ಬಿಟ್ಟುಹೋದ ವಿಷ, ಅಂದ್ರೆ ಎಂಡೋಟಾಕ್ಸಿನ್, ಹಿಡಿಯಲ್ಲ, ವೈರಸ್ಸನ್ನೂ ಹಿಡಿಯಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಪ್ರತಿ ದಾನಿಗೂ ಆಗಬೇಕು, ಆಗುತ್ತೆ. ಆದರೂ ಸೋಂಕು ತಗುಲಿದ ಮೊದಮೊದಲ ದಿನಗಳಲ್ಲಿ ಪರೀಕ್ಷೆಗೆ ಸಿಗದೇ ಇರಬಹುದು. ಹನ್ನೆರಡು ಜನರದ್ದು ಕಲಸಿದ ಮೇಲೆ ಒಬ್ಬರ ಸೋಂಕು ಇಡೀ ಪೂಲಿಗೆ. ಈ ಕೋಶ ರೋಗಿಗೆ ಕೊಡೋದಕ್ಕಾ? ಬ್ಯಾಗ್ ನಂಬರ್ ಬರೆದಿಟ್ಟಿದ್ದೀರಾ?

ಸದಸ್ಯ, ಹಾಸನ: ಫಾರ್ವರ್ಡ್ ಬಂದಿದೆ: "ಪಪ್ಪಾಯಿ ಎಲೆ ರಸ ಕುಡಿದು ರಕ್ತ ತೆಗೆಸಿ, ಮನೆ ಫ್ರಿಜ್ಜಿನಲ್ಲೇ ಲೈಸೇಟ್ ಮಾಡಿ ಸಕ್ಕರೆ ಕಾಯಿಲೆಯ ಗಾಯಕ್ಕೆ ಹಚ್ಚಿ."

ವೈದ್ಯೆ: ಯಾರೂ ಮಾಡಬೇಡಿ. ಆ ಗಾಯಕ್ಕೆ ಫ್ರಿಜ್ಜಿನ ರಕ್ತ ಹಚ್ಚಿದ್ರೆ ಕೀವಾಗಿ ಕಾಲೇ ಹೋಗಬಹುದು. ಇಂಥದ್ದು ಈ ವಾರ ಮೂರನೇದು. ಅಳಿಸಿ.

ಸದಸ್ಯ, ಶಿವಮೊಗ್ಗ: ಹೆಪಾರಿನ್ ಹಂದಿ ಕರುಳಿಂದ ತೆಗೆಯೋದಲ್ವಾ? ಮತ್ತೆ ಲೈಸೇಟ್ ಹಾಕಿದ ಮೀಡಿಯಾ 'ಪ್ರಾಣಿಮುಕ್ತ' ಅಂತ ಹೇಳೋದ್ಯಾಕೆ?

ವಿದ್ಯಾರ್ಥಿ, ಧಾರವಾಡ: ಮೊದ್ಲ ಕ್ಯಾಲ್ಸಿಯಂ ಹಾಕಿ ಹೆಪ್ಪು ತೆಗೆದುಬಿಟ್ರ ಹೆಪಾರಿನ್ ಬೇಕಾಗಂಗಿಲ್ರೀ.

ಸದಸ್ಯ, ಶಿವಮೊಗ್ಗ: ಸರಿ, ದಾನಿ ಪುಕ್ಕಟೆ ಕೊಟ್ಟ ರಕ್ತ ಬಾಟಲಿ ಸೇರಿ ಮಾರಾಟ ಆಗುತ್ತಲ್ಲ, ಅವನನ್ನ ಕೇಳಿದ್ರಾ?

ಸದಸ್ಯೆ, ತುಮಕೂರು: ಅವಧಿ ಮುಗಿದು ಚರಂಡಿಗೆ ಹೋಗೋ ಪ್ಲೇಟ್‌ಲೆಟ್ ಒಬ್ಬ ರೋಗಿಗಾದ್ರೆ ನಿಮಗೇನ್ರೀ ಕಷ್ಟ?

ಸದಸ್ಯ, ಶಿವಮೊಗ್ಗ: ಕೇಳದೇ ತಗೊಂಡ್ರೆ ಅದು ದಾನ ಅಲ್ಲ. ನಿಮಗೆ ಅರ್ಥ ಆಗಲ್ಲ ಬಿಡಿ.

ಸದಸ್ಯ, ಬೆಳಗಾವಿ: ಟಿ ಕೋಶ (ರೋಗದ ವಿರುದ್ಧ ಹೋರಾಡೋ ಬಿಳಿರಕ್ತಕೋಶ) ಬೆಳೆಸಾಕ ಎಬಿ ಗುಂಪಿನ ಸೀರಂ ಚಲೋನೋ, ಲೈಸೇಟೋ?

ಸದಸ್ಯ, ಕೋಲಾರ: ಇದು ಪಿಆರ್‌ಪಿನಾ ಮೇಡಂ?

ವೈದ್ಯೆ: ಮೇಲೆ ಓದಿ. ಶಿವಮೊಗ್ಗದವರೇ, ದಾನಿಯ ಒಪ್ಪಿಗೆ ಬೇಕೇ ಬೇಕು, ಹಂದಿಯ ಮಾತೂ ನಿಜ. ಇಬ್ಬರೂ ಇಲ್ಲಿಗೆ ನಿಲ್ಲಿಸಿ. ಮಂಗಳೂರಿನವರು ಇನ್ನೂ ಉತ್ತರ ಕೊಟ್ಟಿಲ್ಲ.

ಟೆಕ್ನಿಷಿಯನ್, ಮಂಗಳೂರು: ರಿಜಿಸ್ಟರ್ ನೋಡಿ ಬಂದೆ ಮೇಡಂ. ರೋಗಿಗೇ ಕೊಡುವುದಿತ್ತು. 11 ನಂಬರ್ ಉಂಟು. ಒಂದು ಬ್ಯಾಗಿನ ಲೇಬಲ್ ನೀರು ತಾಗಿ ಅಳಿಸಿಹೋಗಿದೆ.

ವೈದ್ಯೆ: ಆ ಪೂಲ್ ಇಡೀ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಬೇಯಿಸಿ) ಬಿಸಾಡಿ. ಅದರಲ್ಲಿ ಬೆಳೆದ ಒಂದು ಕೋಶವೂ ರೋಗಿಗೆ ಹೋಗಬಾರದು. ಇವತ್ತೇ ನಿಮ್ಮ ಮುಖ್ಯಸ್ಥರಿಗೆ ಬರೆದು ಕೊಡಿ, ಕೊಟ್ಟ ಮೇಲೆ ನನಗೆ ಫೋನ್ ಮಾಡಿ.