‘ಖಬರ್ ಇಲ್ಲ’, ‘ಮಲಗ್ಯಾನ’, ‘ಚಕ್ಕರ್ ಬಂತು’: ನಿಮ್ಮ ಕಡೆ ಇವುಗಳ ಅರ್ಥ ಏನು?

ಎಲ್ಲರಿಗೂ ನಮಸ್ಕಾರ.

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಕೆಲವು ಮಾತುಗಳ ಬಗ್ಗೆ ನಿಮ್ಮಿಂದ ಮಾಹಿತಿ ಬೇಕಾಗಿದೆ. ಮುಖ್ಯವಾಗಿ ‘ಖಬರ್’. ‘ಅವಗ ಖಬರ್ ಇಲ್ರಿ’ ಅಂತ ನಿಮ್ಮೂರಲ್ಲಿ ಯಾವ ಸ್ಥಿತಿಗೆ ಹೇಳುತ್ತಾರೆ? ಎಷ್ಟು ಅಲುಗಾಡಿಸಿದರೂ ಕಣ್ಣು ತೆರೆಯದವನಿಗೆ ಮಾತ್ರವೋ, ಅಥವಾ ಕಣ್ಣು ಬಿಟ್ಟುಕೊಂಡು ಏನೇನೋ ಬಡಬಡಿಸುವವನಿಗೂ ಹೇಳುತ್ತಾರೋ?

ನಾನು ಕಲಬುರಗಿಯಲ್ಲಿ ನರ್ಸಿಂಗ್ ಕಲಿಸುತ್ತೇನೆ. ನಮ್ಮ ವಿದ್ಯಾರ್ಥಿಗಳಲ್ಲಿ ಮೈಸೂರು, ಹಾಸನ ಕಡೆಯವರಿದ್ದಾರೆ, ಕೇರಳದವರೂ ಇದ್ದಾರೆ. ಎಮರ್ಜೆನ್ಸಿಯಲ್ಲಿ ಅಪಘಾತದ ಕೇಸ್ ಬಂದಾಗ ಗಾಯಾಳುವಿನ ಜೊತೆ ಬಂದವರು ಹೇಳುವ ಮಾತು ಇವರಿಗೆ ಕೂಡಲೇ ಅರ್ಥವಾಗಬೇಕು. ಅದಕ್ಕಾಗಿ ಒಂದು ಪದಪಟ್ಟಿ ಮಾಡುತ್ತಿದ್ದೇನೆ. ನಿಘಂಟಿನಲ್ಲಿರುವ ಅರ್ಥ ಸಿಕ್ಕಿದೆ. ಜನರ ಬಾಯಲ್ಲಿರುವ ಅರ್ಥ ಒಂದೊಂದು ತಾಲೂಕಿನಲ್ಲಿ ಒಂದೊಂದು ಥರ ಇರುವಂತಿದೆ. ಅದು ಬೇಕು.

‘ಖಬರ್’ ಅರಬ್ಬಿಯಿಂದ ಬಂದದ್ದು, ಅಲ್ಲಿ ಸುದ್ದಿ ಅಂತ ಅರ್ಥ. ಉರ್ದುವಿನ ‘ಬೇಖಬರ್’ ಅಂದರೆ ಅರಿವಿಲ್ಲದವನು. ನಮ್ಮ ಕಡೆ ಎರಡೂ ಉಳಿದಿವೆ. ‘ಊರಿಂದ ಖಬರ್ ಬಂತು’ ಅಂದರೆ ಸುದ್ದಿ. ‘ಮೈಮ್ಯಾಲ ಖಬರ್ ಇಲ್ಲ’ ಅಂದರೆ ಎಚ್ಚರ ಇಲ್ಲ. ಬೈಯುವಾಗ ‘ಖಬರಗೇಡಿ’ ಅನ್ನುತ್ತೇವೆ, ಅಲ್ಲಿ ಅದು ಬರೀ ಲಕ್ಷ್ಯ ಇಲ್ಲದವನು. ಅಂದರೆ ಒಂದೇ ಪದ ಪೂರ್ತಿ ಎಚ್ಚರ ತಪ್ಪಿದ್ದರಿಂದ ಹಿಡಿದು ಸುಮ್ನೆ ಗಮನ ಇಲ್ಲದ್ದರವರೆಗೂ ಚಾಚಿಕೊಂಡಿದೆ. ದಿನದ ಮಾತಿನಲ್ಲಿ ಇದರಿಂದ ತೊಂದರೆ ಇಲ್ಲ. ತಲೆಗೆ ಪೆಟ್ಟು ಬಿದ್ದವನ ಹಾಸಿಗೆ ಪಕ್ಕ ನಿಂತಾಗ ಬಹಳ ತೊಂದರೆ.

ಯಾಕೆ ಅಂತ ಹೇಳುತ್ತೇನೆ. ಗಾಯಾಳು ಬಂದ ತಕ್ಷಣ ನರ್ಸ್‌ಗಳ ಕೆಲಸಕ್ಕೆ ಒಂದು ಕ್ರಮ ಇದೆ. ರಕ್ತ ಚಿಮ್ಮುತ್ತಿದ್ದರೆ ಮೊದಲು ಅಲ್ಲಿ ಒತ್ತಿ ಹಿಡಿಯಬೇಕು. ಒಬ್ಬರು ತಲೆಯ ಹತ್ತಿರ ನಿಂತು ಕುತ್ತಿಗೆ ಅಲುಗಾಡದಂತೆ ಎರಡೂ ಕೈಯಿಂದ ತಲೆ ಹಿಡಿಯುತ್ತಾರೆ. ಬಾಯಲ್ಲಿ ರಕ್ತ, ವಾಂತಿ, ಮುರಿದ ಹಲ್ಲು ಇದ್ದರೆ ತೆಗೆಯಬೇಕು. ಉಸಿರಿನ ದಾರಿ ತೆರೆಯಲು ತಲೆಯನ್ನು ಹಿಂದಕ್ಕೆ ಬಾಗಿಸುವುದಿಲ್ಲ, ದವಡೆಯನ್ನು ಮಾತ್ರ ಮುಂದಕ್ಕೆ ಎತ್ತುತ್ತಾರೆ. ಕುತ್ತಿಗೆ ಮೂಳೆ ಮುರಿದಿದ್ದರೆ ಬಾಗಿಸಿದಾಗ ಕೈಕಾಲು ಶಾಶ್ವತವಾಗಿ ಹೋಗಬಹುದು. ಆಮೇಲೆ ಎದೆಯ ಎರಡೂ ಕಡೆ ಸಮನಾಗಿ ಏಳುತ್ತಿದೆಯಾ ಅಂತ ನೋಡಬೇಕು. ನಾಡಿ ನೋಡಬೇಕು, 14 ಅಥವಾ 16 ಗೇಜಿನ ದಪ್ಪ ಸೂಜಿಯಿಂದ ಎರಡು ಐವಿ ಲೈನ್ ಹಾಕಬೇಕು, ರಕ್ತದ ಗುಂಪಿಗೆ ಸ್ಯಾಂಪಲ್ ಕಳಿಸಬೇಕು. ರಕ್ತ ನಿಲ್ಲಿಸಲು ಟ್ರಾನೆಕ್ಸಾಮಿಕ್ ಆಸಿಡ್ ಕೊಡುವುದಾದರೆ ಪೆಟ್ಟು ಬಿದ್ದ 3 ಗಂಟೆಯೊಳಗೆ ಶುರುವಾಗಬೇಕು. ಆದ್ದರಿಂದ ‘ಎಷ್ಟೊತ್ತಿಗೆ ಆಯ್ತು?’ ಅನ್ನುವ ಪ್ರಶ್ನೆಗೂ ನೆಟ್ಟಗೆ ಉತ್ತರ ಬೇಕು. ‘ಹೊತ್ತು ಮುಳುಗಾಗ’ ಅಂತ ಹೇಳುತ್ತಾರೆ. ಅದನ್ನು ಗಂಟೆಗೆ ತಿರುಗಿಸಿಕೊಳ್ಳುವುದು ನರ್ಸ್ ಕೆಲಸ.

ಇದಾದ ಮೇಲೆ ಎಚ್ಚರದ ಲೆಕ್ಕ. ಗ್ಲಾಸ್ಗೋದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ 1974ರಲ್ಲಿ ಮಾಡಿದ ಅಳತೆ (ಗ್ಲಾಸ್ಗೋ ಕೋಮಾ ಸ್ಕೇಲ್) ಈಗಲೂ ನಡೆಯುತ್ತಿದೆ. ಹೆಚ್ಚೆಂದರೆ ಕಣ್ಣಿಗೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6. ಒಟ್ಟು 15ಕ್ಕೆ 15 ಇದ್ದರೆ ಪೂರ್ತಿ ಎಚ್ಚರ, ಏನೂ ಇಲ್ಲದಿದ್ದರೂ 3. ಒಟ್ಟು 8 ಅಥವಾ ಅದಕ್ಕಿಂತ ಕಡಿಮೆ ಇದ್ದವನು ತನ್ನ ಉಸಿರಿನ ದಾರಿಯನ್ನು ತಾನೇ ಕಾಯ್ದುಕೊಳ್ಳಲಾರ, ಉಸಿರಾಟಕ್ಕೆ ಗಂಟಲಲ್ಲಿ ನಳಿಗೆ ಹಾಕಲು ತಯಾರಿ ಮಾಡಬೇಕು. ಈ ಅಂಕ ನರ್ಸ್ ಕಣ್ಣಾರೆ ನೋಡಿ ಹಾಕುವುದು. ಆದರೆ ದವಾಖಾನೆಗೆ ಬರುವ ಮುಂಚೆ ಏನಾಗಿತ್ತು ಅನ್ನುವುದಕ್ಕೆ ಜೊತೆಯವರ ಮಾತೊಂದೇ ಆಧಾರ.

ಅಲ್ಲೇ ‘ಖಬರ್’ ಬರುವುದು. ಜೊತೆಯವರು ಹೇಳುವುದು ಹೆಚ್ಚುಕಡಿಮೆ ಹೀಗಿರುತ್ತದೆ: ‘ಗಾಡಿ ಮ್ಯಾಲಿಂದ ಬಿದ್ದಾಗ ಖಬರ್ ಇರ್ಲಿಲ್ರಿ. ಆಮ್ಯಾಲ ಬಂತು. ಎದ್ದು ಕುಂತ, ಚಾ ಕುಡದ. ಈಗ ಸುಮ್ನ ಮಲಗ್ಯಾನ.’ ಇಷ್ಟು ಮಾತಿನಲ್ಲಿ ಒಂದು ದೊಡ್ಡ ಅಪಾಯದ ಕತೆ ಪೂರ್ತಿ ಇದೆ. ತಲೆಬುರುಡೆ ಮತ್ತು ಮೆದುಳಿನ ಹೊದಿಕೆಯ ನಡುವೆ ರಕ್ತನಾಳ ಹರಿದರೆ ಕೆಲವರಲ್ಲಿ ಹೀಗೇ ಆಗುತ್ತದೆ. ಮೊದಲು ಎಚ್ಚರ ತಪ್ಪುತ್ತದೆ, ನಡುವೆ ಸರಿಯಾದಂತೆ ಕಾಣುತ್ತದೆ, ರಕ್ತ ತುಂಬುತ್ತಾ ಹೋದಂತೆ ಮತ್ತೆ ಮಂಪರು ಬರುತ್ತದೆ. ಅಷ್ಟರಲ್ಲಿ ಸಿಟಿ ಸ್ಕ್ಯಾನ್ ಆಗಿ ಆಪರೇಷನ್ ಆದರೆ ಬದುಕುತ್ತಾನೆ. ಹಾಗಾಗಿ ‘ಮಲಗ್ಯಾನ’ ಅನ್ನುವ ಮಾತೇ ಇಲ್ಲಿ ಜಾಸ್ತಿ ಮುಖ್ಯ. ಅದು ನಿದ್ದೆಯೋ, ಮಂಪರೋ, ಬರೀ ಅಡ್ಡಾಗಿದ್ದಾನೋ? ನಮ್ಮ ಭಾಷೆಯಲ್ಲಿ ಮೂರಕ್ಕೂ ಅದೇ ಮಾತು. ನಾನು ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟೇ: ತಲೆಗೆ ಪೆಟ್ಟಾದವನು ‘ಮಲಗ್ಯಾನ’ ಅಂದರೆ ಹೋಗಿ ಎಬ್ಬಿಸಿ ನೋಡಿ. ಹೆಸರು ಹಿಡಿದು ಕೂಗಿ. ಪಾಪೆಗೆ ಟಾರ್ಚ್ ಬಿಡಿ. ಒಂದು ಕಡೆಯ ಪಾಪೆ ದೊಡ್ಡದಾಗಿದ್ದರೆ ತಡ ಮಾಡಬೇಡಿ. ಅಂಕ 1 ಇಳಿದು ಅರ್ಧ ಗಂಟೆ ಹಾಗೇ ನಿಂತರೂ ಡಾಕ್ಟರನ್ನು ಮತ್ತೆ ಕರೆಯಿರಿ.

ಹಾಗಾದರೆ ‘ಪ್ರಜ್ಞೆ ತಪ್ಪಿತ್ತಾ?’ ಅಂತ ಕೇಳಬಹುದಲ್ವಾ ಅಂದರೆ, ಪೇಪರ್ ಓದುವವರಿಗೆ ಸರಿ, ತಾಂಡಾದಿಂದ ಬಂದ ಅಜ್ಜಿಗೆ ಅದು ತಲುಪುವುದಿಲ್ಲ. ‘ಹೋಶ್’ (ಎಚ್ಚರಕ್ಕೆ ಉರ್ದು ಮಾತು) ಪಟ್ಟಣದ ಒಳಗೆ ಚೆನ್ನಾಗಿ ನಡೆಯುತ್ತದೆ, ಹಳ್ಳಿಗಳಲ್ಲಿ ಎಷ್ಟು ನಡೆಯುತ್ತದೆ ಅಂತ ನೀವು ಹೇಳಬೇಕು. ‘ಮೂರ್ಛೆ’ಯನ್ನು ಮಾತ್ರ ಈ ಪ್ರಶ್ನೆಗೆ ಬಳಸಲೇಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. ಎಷ್ಟೋ ಜನರಿಗೆ ಮೂರ್ಛೆ ಅಂದರೆ ಫಿಟ್ಸ್. ‘ಮೂರ್ಛೆ ಹೋಗಿದ್ರಾ?’ ಅಂತ ಕೇಳಿದರೆ ‘ಇಲ್ರಿ, ನಮ್ಮ ಮನಿತನದಾಗ ಅಂಥಾದ್ದು ಇಲ್ಲ’ ಅಂತ ಉತ್ತರ ಬರುತ್ತದೆ, ಮದುವೆ ಸಂಬಂಧದಲ್ಲಿ ವಿಚಾರಿಸಿದಂತೆ ಕೇಳಿಸುತ್ತದೆ. ತಲೆಗೆ ಪೆಟ್ಟು ಬಿದ್ದ ಮೇಲೆ ಎಚ್ಚರ ತಪ್ಪಿತ್ತಾ ಅನ್ನುವುದೂ ಬೇಕು, ಕೈಕಾಲು ಸೆಟೆದು ಜಗ್ಗಾಡಿದವಾ ಅನ್ನುವುದೂ ಬೇಕು. ಎರಡನ್ನೂ ಬೇರೆ ಬೇರೆಯಾಗಿ, ಕಣ್ಣಿಗೆ ಕಂಡದ್ದನ್ನು ಹೇಳಿಸುವಂತೆ ಕೇಳಬೇಕು. ‘ಕೂಗಿದ್ರ ಓ ಅಂದ್ನಾ?’ ‘ಕೈಕಾಲ ಝಾಡಿಸಿದ್ನಾ?’ ಹೀಗೆ ಕೇಳಿದರೆ ಯಾವ ಊರಿನವರೂ ಸರಿಯಾಗಿ ಹೇಳುತ್ತಾರೆ.

‘ಚಕ್ಕರ್’ ಇನ್ನೊಂದು. ‘ಚಕ್ಕರ್ ಬಂದು ಬಿದ್ದ’ ಅಂದರೆ ಮೊದಲು ತಲೆ ಸುತ್ತಿತು, ಆಮೇಲೆ ಬಿದ್ದ. ‘ಬಿದ್ದು ಚಕ್ಕರ್ ಬಂತು’ ಅಂದರೆ ಪೆಟ್ಟಿನಿಂದ ಬಂದದ್ದು. ಮೊದಲನೆಯದಾದರೆ ಬೀಳಲು ಕಾರಣವೇ ಬೇರೆ ಇರಬಹುದು: ಸಕ್ಕರೆ ಇಳಿದಿರಬಹುದು, ಹೃದಯದ ಬಡಿತ ತಪ್ಪಿರಬಹುದು, ಮೇ ತಿಂಗಳಾದರೆ ನಮ್ಮ ಬಿಸಿಲೇ ಸಾಕು. ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡುವುದನ್ನು ಯಾವ ಗಾಯಾಳುವಿನಲ್ಲೂ ಬಿಡಬಾರದು. ಹಾಗೆಯೇ ‘ನಶಾದಾಗ ಇದ್ದಾನ’ ಅಂತ ಯಾರಾದರೂ ಅಂದಾಗ ಅದನ್ನು ಕೇಸ್ ಶೀಟಿನಲ್ಲಿ ಬರೆದುಕೊಳ್ಳಿ, ನಂಬಿ ಕೂರಬೇಡಿ. ಕುಡಿದವನಿಗೂ ತಲೆಯೊಳಗೆ ರಕ್ತ ಸೋರುತ್ತದೆ. ಶೇಂದಿ ವಾಸನೆ ಬಂತು ಅಂತ ಮೂಲೆಯಲ್ಲಿ ಮಲಗಿಸಿಬಿಡುವುದು ನನಗೆ ಬಹಳ ನೋವು ಕೊಡುವ ಸಂಗತಿ.

ಮಾತಿನ 5 ಅಂಕದ ವಿಷಯಕ್ಕೆ ಬರುತ್ತೇನೆ. ತನ್ನ ಹೆಸರು, ಎಲ್ಲಿದ್ದೇನೆ, ಇದು ಯಾವ ತಿಂಗಳು, ಇವನ್ನು ಸರಿಯಾಗಿ ಹೇಳಿದರೆ 5. ಗಲಿಬಿಲಿಯಾಗಿ ಮಾತಾಡಿದರೆ 4. ಚಿತ್ತಾಪುರ ಕಡೆಯ ಹಿರಿಯ ಹೆಂಗಸೊಬ್ಬರನ್ನು ಯಾವ ತಿಂಗಳು ಅಂತ ಕೇಳಿದರೆ ಜುಲೈ, ಆಗಸ್ಟ್ ಅನ್ನುವುದಿಲ್ಲ. ‘ಶ್ರಾವಣ’ ಅನ್ನುತ್ತಾರೆ. ‘ನಾಗರ ಪಂಚಮಿ ಆಗಿ ನಾಕ್ ದಿನ ಆತು’ ಅನ್ನುತ್ತಾರೆ. ಅದು ಪೂರ್ತಿ ಸರಿ ಉತ್ತರ, 5 ಕೊಡಬೇಕು. ಪಂಚಾಂಗ ಗೊತ್ತಿಲ್ಲದ ಹುಡುಗಿ 4 ಹಾಕಿದರೆ ಒಳ್ಳೆಯ ಸ್ಥಿತಿಯಲ್ಲಿರುವವರ ಅಂಕ ಸುಮ್ನೆ ಇಳಿಯುತ್ತದೆ. ಮುಂದಿನ ಪಾಳಿಯಲ್ಲಿ ಗೊತ್ತಿರುವವರು 5 ಹಾಕಿದರೆ ‘ಸುಧಾರಿಸಿದ್ದಾರೆ’ ಅಂತ ಕಾಣುತ್ತದೆ. ಎರಡೂ ತಪ್ಪು ಚಿತ್ರ. ಅಮಾವಾಸ್ಯೆ, ಹುಣ್ಣಿವೆ, ತೊಗರಿ ರಾಶಿ, ಶರಣಬಸವೇಶ್ವರರ ಜಾತ್ರೆ, ಇವೆಲ್ಲ ನಮ್ಮ ಜನ ಕಾಲ ಗುರುತಿಸುವ ಗುರುತುಗಳು. ನಿಮ್ಮ ಊರಿನ ಹಿರಿಯರು ಬೇರೆ ಯಾವುದನ್ನು ಹಿಡಿದು ತಿಂಗಳು ಹೇಳುತ್ತಾರೆ ಅಂತ ತಿಳಿಸಿದರೆ ಪಟ್ಟಿಗೆ ಸೇರಿಸುತ್ತೇನೆ.

ಭಾಷೆಯದೂ ಹೀಗೇ. ಔರಾದ್, ಭಾಲ್ಕಿ ಕಡೆಯವರು ನೋವಿನಲ್ಲಿ ಮರಾಠಿಗೆ ಹೊರಳುತ್ತಾರೆ, ಗುರುಮಠಕಲ್ ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ. ತನಗೆ ಅರ್ಥವಾಗಲಿಲ್ಲ ಅಂತ ‘ಅಸಂಬದ್ಧ ಮಾತು’ ಎಂದು 3 ಹಾಕುವ ಮುಂಚೆ ಮನೆಯವರನ್ನು ಕರೆದು ‘ಇವರು ಹೇಳ್ತಿರೋದು ಸರಿ ಅದೇನ್ರಿ?’ ಅಂತ ಕೇಳಬೇಕು. ಚಲನೆಯ ಅಂಕಕ್ಕೂ ಅದೇ. ‘ನಾಲಿಗಿ ಹೊರಗ ಚಾಚ್ರಿ’ ಅಂತ ಅವರ ಮಾತಲ್ಲೇ ಹೇಳಿ, ಮಾಡಿದರೆ 6. ಬರೀ ‘ಕೈ ಹಿಡೀರಿ’ ಅಂತ ಹೇಳಿ ಬೆರಳು ಹಿಡಿದರೆ ಸಾಲದು, ಅಂಗೈಗೆ ಏನಾದರೂ ತಾಗಿದರೆ ಅರಿವಿಲ್ಲದೆಯೂ ಮುಷ್ಟಿ ಬಿಗಿಯಬಹುದು. ‘ಬಿಡ್ರಿ’ ಅಂದಾಗ ಬಿಡುತ್ತಾರಾ ಅಂತಲೂ ನೋಡಬೇಕು.

ಇನ್ನು ‘ಒಳಪೆಟ್ಟು’. ರಕ್ತ ಬಾರದ ಪೆಟ್ಟಿಗೆ ಇದು ಎಲ್ಲಾ ಕಡೆ ಗೊತ್ತಿರುವ ಒಳ್ಳೆಯ ಪದ. ಮರಾಠಿಯಲ್ಲಿ ‘ಮುಕಾ ಮಾರ್’ ಅನ್ನುತ್ತಾರೆ. ಶಹಾಬಾದ್ ಕಡೆ ಫರ್ಸಿ ಬಂಡೆ ಕಾಲ ಮೇಲೆ ಬಿದ್ದವರಲ್ಲಿ ಚರ್ಮ ಸೀಳದೆಯೂ ಇರಬಹುದು, ಒಳಗೆ ಮಾಂಸಖಂಡ ಜಜ್ಜಿ ಹೋಗಿರುತ್ತದೆ. ಆಗ ನರ್ಸ್ ಮೂತ್ರದ ಬಣ್ಣ ನೋಡುತ್ತಿರಬೇಕು. ಕಡುಚಹಾದ ಬಣ್ಣಕ್ಕೆ ತಿರುಗಿದರೆ ಜಜ್ಜಿದ ಮಾಂಸದ ಅಂಶ ಕಿಡ್ನಿಗೆ ಹೋಗುತ್ತಿದೆ ಅಂತ ಅರ್ಥ. ಹೊಟ್ಟೆಯ ಒಳಪೆಟ್ಟಿನಲ್ಲಿ ಗುಲ್ಮ (ಸ್ಪ್ಲೀನ್) ಹರಿದು ರಕ್ತ ಒಳಗೇ ಸೋರುತ್ತಿರಬಹುದು. ಹೊರಗೆ ಏನೂ ಕಾಣದು, ನಾಡಿ ಮಾತ್ರ ಓಡುತ್ತಾ ಹೋಗುತ್ತದೆ, ಕೈಕಾಲು ತಣ್ಣಗಾಗುತ್ತವೆ. ಇಂಥವರು ‘ನೀರ್ ಕೊಡ್ರಿ’ ಅಂತ ಬೇಡುತ್ತಾರೆ. ಬಾಯಿಗೆ ಕೊಡುವಂತಿಲ್ಲ, ಆಪರೇಷನ್ ಬೇಕಾಗಬಹುದು, ವಾಂತಿ ಶ್ವಾಸಕ್ಕೆ ಹೋಗಬಹುದು. ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತಿ, ಯಾಕೆ ಕೊಡುತ್ತಿಲ್ಲ ಅಂತ ಮನೆಯವರಿಗೆ ಕೂಡಿಸಿಕೊಂಡು ಹೇಳಬೇಕು. ಸಾಯುವವರ ಬಾಯಿಗೆ ನೀರು ಬಿಡುವ ಪದ್ಧತಿ ನಮ್ಮಲ್ಲಿದೆ. ಬೇಡಿದರೂ ಕೊಡಲಿಲ್ಲ ಅನ್ನುವ ಕೊರಗು ಮನೆಯವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅದಕ್ಕೇ ಈ ವಿವರಣೆಯನ್ನೂ ಆರೈಕೆಯ ಭಾಗ ಅಂತಲೇ ನಾನು ಕಲಿಸುತ್ತೇನೆ.

ನನಗೆ ಬೇಕಾದ್ದು ಇಷ್ಟು. ‘ಖಬರ್’, ‘ಹೋಶ್’, ‘ಎಚ್ಚರ’ ಈ ಮೂರರಲ್ಲಿ ನಿಮ್ಮೂರಿನಲ್ಲಿ ಯಾವುದು ಹೆಚ್ಚು, ಮತ್ತು ಅರೆ ಎಚ್ಚರಕ್ಕೆ ಬೇರೆ ಮಾತು ಇದೆಯಾ? ‘ಮಂಪರು’ ನಮ್ಮ ಹಳ್ಳಿಗಳಲ್ಲಿ ಜನ ಆಡುತ್ತಾರಾ, ಇಲ್ಲವಾದರೆ ಅದಕ್ಕೆ ಏನನ್ನುತ್ತಾರೆ? ಫಿಟ್ಸ್‌ಗೆ ಹಳಬರು ಯಾವ ಪದ ಬಳಸುತ್ತಿದ್ದರು? ‘ಮುಕಾ ಮಾರ್’ ಬೀದರಿನ ಕನ್ನಡದಲ್ಲಿ ಎಷ್ಟು ಬಳಕೆಯಲ್ಲಿದೆ, ಯಾದಗಿರಿಯಲ್ಲಿ ಯಾರಾದರೂ ಕೇಳಿದ್ದೀರಾ? ಉತ್ತರ ಬರೆಯುವಾಗ ಒಂಟಿ ಪದದ ಬದಲು ಪೂರ್ತಿ ವಾಕ್ಯ ಬರೆಯಿರಿ, ಜನ ಹೇಳಿದ ಹಾಗೇ. ಜೊತೆಗೆ ತಾಲೂಕಿನ ಹೆಸರು ಹಾಕಿದರೆ ಸಾಕು.