ಅಣ್ಣ ಕುಡಿತ ಬಿಡ್ತಾನಂತೆ, ಮೈ ನಡುಗಿಸುವ ಕುರ್ಚಿ ಸಾಕಾ ಡಾಕ್ಟ್ರೇ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನಮ್ಮಣ್ಣನಿಗೆ 44 ವರ್ಷ. ಬೆಳಗ್ಗೆ ಎದ್ದ ಕೂಡಲೇ ಕ್ವಾರ್ಟರ್ ಬೇಕು. ಹೋದ ಗೌರಿ ಹಬ್ಬಕ್ಕೆ ಹಠ ಹಿಡಿದು ಬಿಟ್ಟಿದ್ದ. ಎರಡನೇ ದಿನ ಕಾಫಿ ಲೋಟ ಕೈಯಲ್ಲಿ ನಿಲ್ಲಲಿಲ್ಲ. ಸಂಜೆ ಗೋಡೆ ಮೇಲೆ ಇರುವೆ ಸಾಲು ಹೋಗ್ತಿದೆ ಅಂತ ಬಟ್ಟೆ ಹಿಡಿದು ಒರೆಸುತ್ತಾ ಕೂತ. ಗೋಡೆ ಮೇಲೆ ಏನೂ ಇರಲಿಲ್ಲ. ಹೆದರಿ ಅತ್ತಿಗೆಯೇ ಬಾಟಲಿ ತರಿಸಿಕೊಟ್ಟರು. ಈಗ ಮತ್ತೆ ಬಿಡ್ತೀನಿ ಅಂತಾನೆ. ಪರಿಚಯದವರೊಬ್ಬರು ಮೈ ನಡುಗಿಸುವ ಕುರ್ಚಿಯಲ್ಲಿ ಕೂರಿಸಿ, ಕಿವಿಗೆ ಸೂಜಿ ಚುಚ್ಚಿಸಿ, ಮಾತ್ರೆ ಬೇಡವೇ ಬೇಡ ಅಂತಾರೆ. ನಿಜಾನಾ?

ಮನೋವೈದ್ಯರ ಉತ್ತರ: ಮೊದಲು ಇದನ್ನು ಕೇಳಿ. ಮನೆಯಲ್ಲಿ ಒಮ್ಮೆಲೇ ಕುಡಿತ ನಿಲ್ಲಿಸಬೇಡಿ. ಆಸ್ಪತ್ರೆಗೆ ಸೇರಿಸಿಯೇ ನಿಲ್ಲಿಸಬೇಕು. ಆ ಇರುವೆ ಸಾಲು ಅಪಾಯದ ಸೂಚನೆ.

ಮೆದುಳಿನಲ್ಲಿ ಸದಾ ಒಂದು ಹಗ್ಗಜಗ್ಗಾಟ ನಡೆಯುತ್ತಿರುತ್ತದೆ. ಗಾಬಾ ಅನ್ನುವ ರಾಸಾಯನಿಕ ಶಾಂತವಾಗಿಡಲು ಎಳೆಯುತ್ತದೆ, ಗ್ಲುಟಮೇಟ್ ಕೆರಳಿಸಲು ಎಳೆಯುತ್ತದೆ. ಮದ್ಯ ಗಾಬಾ ಕಡೆ ಸೇರಿಕೊಳ್ಳುತ್ತದೆ. ವರ್ಷಗಟ್ಟಲೆ ಹೀಗಾದರೆ ಆಚೆ ಕಡೆಯವರು ಬಲ ಜಾಸ್ತಿ ಮಾಡಿಕೊಳ್ಳುತ್ತಾರೆ. ಮದ್ಯ ಥಟ್ಟನೆ ಹಗ್ಗ ಬಿಟ್ಟಾಗ ನಡುಕ, ಬೆವರು ಶುರು. ಮೊದಲ 48 ಗಂಟೆಯಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಸನ್ನಿ ಹಿಡಿಯಬಹುದು, ಅದರಿಂದ ಜೀವವೇ ಹೋಗಬಹುದು. ಲೊರಾಜೆಪಾಮ್‌ನಂಥ ಔಷಧಿ ಮದ್ಯ ಬಿಟ್ಟ ಜಾಗದಲ್ಲಿ ಹಗ್ಗ ಹಿಡಿಯುತ್ತದೆ. ಜೊತೆಗೆ ಥಯಮಿನ್ ಅನ್ನುವ ಬಿ1 ವಿಟಮಿನ್ ಕೊಡುತ್ತೇವೆ. ಕುರ್ಚಿ ಆ ಕೆಲಸ ಮಾಡಲಾರದು.

ಹಾಗಂತ ಅದು ಪೂರ್ತಿ ಬುರುಡೆಯೂ ಅಲ್ಲ. ಅಮೆರಿಕದ ಬ್ರಿಗಂ ಯಂಗ್ ವಿಶ್ವವಿದ್ಯಾಲಯದಲ್ಲಿ ಮದ್ಯಕ್ಕೆ ಒಗ್ಗಿದ ಇಲಿಗಳಿಗೆ ಕಂಪನ ಕೊಟ್ಟು ನೋಡಿದ್ದಾರೆ. ಮದ್ಯ ತಪ್ಪಿದಾಗಿನ ಕಳವಳ ಕಡಿಮೆಯಾಗಿತ್ತು. ಆದರೆ ಇಲಿಗೆ ಆಗಿದ್ದನ್ನು ನಂಬಿ ನಿಮ್ಮಣ್ಣನ ಮಾತ್ರೆ ತಪ್ಪಿಸೋಕೆ ಆಗಲ್ಲ ಅಲ್ವಾ? ಕಿವಿ ಹಿಂದೆ ಅಂಟಿಸಿ ಐದು ದಿನ ಇಟ್ಟುಕೊಳ್ಳುವ ವಿದ್ಯುತ್ ಸಾಧನವೊಂದಕ್ಕೆ ಅಮೆರಿಕದಲ್ಲಿ 2017ರಲ್ಲಿ ಅನುಮತಿ ಸಿಕ್ಕಿತು. ಅದು ಹೆರಾಯಿನ್‌ನಂಥ ಅಫೀಮು ಜಾತಿಯ ಚಟ ಬಿಡುವವರಿಗೆ, ಮದ್ಯಕ್ಕಲ್ಲ.

ಮರುಪ್ರಶ್ನೆ: ತಲೆಗೆ ಅಯಸ್ಕಾಂತ ಇಡುವ ಟಿಎಂಎಸ್ ಮಾಡಿಸಬಹುದಾ ಸರ್?

ಉತ್ತರ: ಈಗ ಬೇಡಮ್ಮ. ಟಿಎಂಎಸ್‌ನಿಂದಲೇ ಅಪರೂಪಕ್ಕೆ ಫಿಟ್ಸ್ ಬರುವುದುಂಟು. ಮದ್ಯ ಬಿಟ್ಟ ಹೊಸದರಲ್ಲಿ ಆ ಅಪಾಯ ಇನ್ನೂ ಜಾಸ್ತಿ. ಸಿಗರೇಟು ಬಿಡಿಸಲು ಅದರ ಒಂದು ಬಗೆಗೆ 2020ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. 262 ಜನರ ಮೇಲಿನ ಪ್ರಯೋಗದಲ್ಲಿ ನಿಜವಾದ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು 19 ಜನ ಬಿಟ್ಟರು, ಹುಸಿ ಚಿಕಿತ್ಸೆ ಪಡೆದವರಲ್ಲಿ ಸುಮಾರು 9. ಉಪಯೋಗ ಇದೆ, ಪವಾಡ ಇಲ್ಲ.

ಕಿವಿ ಸೂಜಿ ಅಣ್ಣನಿಗೆ ಹಿತ ಅನ್ನಿಸಿದರೆ, ಹೊಸ ಸೂಜಿಯಾದರೆ, ಚೇತರಿಸಿಕೊಂಡ ಮೇಲೆ ಔಷಧಿಯ ಜೊತೆಗೆ ಇರಲಿ.

ಬೆಂಗಳೂರು ಹತ್ತಿರವಾದರೆ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವ ವಿಭಾಗ ಇದೆ. ದೂರದವರು ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಕೊನೆಯ ಸಲ ಎಷ್ಟು ಗಂಟೆಗೆ, ಎಷ್ಟು ಕುಡಿದ ಅಂತ ಬರೆದುಕೊಂಡು ಹೋಗಿ. ಇರುವೆಯ ವಿಷಯ ತಪ್ಪದೆ ಹೇಳಿ. ಮತ್ತೆ, ಬಾಟಲಿ ತರಿಸಿದ್ದಕ್ಕೆ ಅತ್ತಿಗೆಯನ್ನು ಯಾರೂ ಬೈಯಬೇಡಿ. ಆ ರಾತ್ರಿ ಅವರಿಗೆ ಬೇರೆ ದಾರಿ ಕಂಡಿರಲಿಲ್ಲ.